ಕಸಾಲ್ಸ್ ಅವರ ಆಣೆ, ನಮ್ಮ ಕಾಕಾನ ಹಾರ್ಮೋನಿಯಂ

ಮುಂಬೈಯ ನಮ್ಮ ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆ ನೋಡಿದವರಿಗೆ ಗೊತ್ತಿರುತ್ತದೆ. ಮೇಲೆ ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಅಂತ ಅರ್ಧ ಪುಟ. ಕೆಳಗೆ, 'ಊಟದ ವ್ಯವಸ್ಥೆ ಇದೆ' ಎಂಬ ಸಾಲಿಗಿಂತ ಸ್ವಲ್ಪ ಮೇಲೆ, ಸಣ್ಣ ಅಕ್ಷರದಲ್ಲಿ 'ಅತಿಥಿ ಕಲಾವಿದರು'. ನಾನು ಕಂಡಂತೆ ಅತಿಥಿ ಕಲಾವಿದರೆಂದರೆ ಆರೂವರೆಗೆ ಬರಬೇಕಾಗಿದ್ದು ಎಂಟಕ್ಕೆ ಬಂದು, ಭಾಷಣಗಳು ಮುಗಿಯುವ ತನಕ ಪರದೆಯ ಹಿಂದೆ ಚಹಾ ಕುಡಿದು, ಶಾಲು, ಹಾರ, ತೆಂಗಿನಕಾಯಿ ಸ್ವೀಕರಿಸಿ, ನಾವೆಲ್ಲ ಹತ್ತೂವರೆಯ ಲೋಕಲ್ ಹಿಡಿಯಬೇಕು ಅಂತ ಗಡಿಯಾರ ನೋಡುವ ಹೊತ್ತಿಗೆ ವಿಲಂಬಿತ ಖ್ಯಾಲ್ ಶುರು ಮಾಡುವವರು. ತಪ್ಪು ಅವರದಲ್ಲ ಬಿಡಿ. ಭಾಷಣ ಮಾಡಿದವರದು.

ಆ ಮಾತಿಗೆ ಇನ್ನೊಂದು ಅರ್ಥವೂ ಇದೆ ಎಂದು ನನಗೆ ಹೇಳಿಕೊಟ್ಟವರು ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿದ್ದ ಒಬ್ಬ ಗೋವಾದವರು. ಹಿಂದಿ ಸಿನಿಮಾ ರೆಕಾರ್ಡಿಂಗುಗಳಲ್ಲಿ ಪಿಟೀಲು ನುಡಿಸುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಪಿಟೀಲಿನ ಪೆಟ್ಟಿಗೆ ಹಿಡಿದು ಲೋಕಲ್‌ನಲ್ಲಿ ನಮ್ಮ ಜೊತೆಗೇ ನಿಂತು ಬರುತ್ತಿದ್ದರು. 1988ರಲ್ಲಿರಬೇಕು, ಒಂದು ದಿನ ನನ್ನ ಕೈಗೆ ಒಂದು ಕ್ಯಾಸೆಟ್ ಕೊಟ್ಟರು. ತಮ್ಮ ಎಲ್‌ಪಿಯಿಂದ ತಾವೇ ತುಂಬಿಸಿದ್ದು. ಹಾಳೆಯ ಮೇಲೆ ನೀಲಿ ಇಂಕಿನಲ್ಲಿ 'ಶೂಬರ್ಟ್, ಪ್ರಾದ್, 1952' ಎಂದು ಬರೆದಿತ್ತು. "ಇದನ್ನು ಕೇಳು, ಆಮೇಲೆ ಕತೆ ಹೇಳುತ್ತೇನೆ" ಅಂದರು.

ನನಗೆ ಆಗ ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇರಲಿಲ್ಲ. ಕೇಳಿದೆ, ಅರ್ಥವಾಗಲಿಲ್ಲ. ಆದರೆ ಕತೆ ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವರು ಹೇಳಿದ್ದಕ್ಕೆ ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಪಾಬ್ಲೊ ಕಸಾಲ್ಸ್ ಎಂಬ ಚೆಲ್ಲೊ ವಾದಕರಿದ್ದರು. ಚೆಲ್ಲೊ ಅಂದರೆ ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು, ಗಂಡುದನಿಯದು. 1876ರಲ್ಲಿ ಸ್ಪೇನಿನ ಕ್ಯಾಟಲೋನಿಯಾ ಪ್ರಾಂತದ ಎಲ್ ವೆಂಡ್ರೆಲ್ ಎಂಬ ಊರಿನಲ್ಲಿ ಹುಟ್ಟಿದವರು. ಹದಿಮೂರನೇ ವಯಸ್ಸಿನಲ್ಲಿ ಬಾರ್ಸಿಲೋನಾದ ಒಂದು ಅಂಗಡಿಯಲ್ಲಿ ಬಾಖ್ ಬರೆದಿದ್ದ ಒಂಟಿ ಚೆಲ್ಲೊ ಕೃತಿಗಳ ಪ್ರತಿ ಸಿಕ್ಕಿತು. ಆಗ ಅವನ್ನು ಅಭ್ಯಾಸದ ಪಾಠಗಳು ಅಂತಲೇ ಜನ ತಿಳಿದಿದ್ದರು. ಅವನ್ನು ಕಛೇರಿಯ ಸಂಗೀತವಾಗಿಸಿದವರು ಇವರು. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಯಿತು. 1939ರಲ್ಲಿ ಫ್ರಾಂಕೊ ಗೆದ್ದು ಸರ್ವಾಧಿಕಾರಿಯಾದ. ಕಸಾಲ್ಸ್ ಊರು ಬಿಟ್ಟರು. ದೂರ ಹೋಗಲಿಲ್ಲ. ಗಡಿ ದಾಟಿದ ಕೂಡಲೇ ಫ್ರಾನ್ಸಿನ ಕಡೆ, ಪಿರೆನೀಸ್ ಬೆಟ್ಟಗಳ ಬುಡದಲ್ಲಿ, ಕನಿಗೂ ಪರ್ವತ ಕಾಣುವ ಪ್ರಾದ್ ಎಂಬ ಸಣ್ಣ ಊರಿನಲ್ಲಿ ನಿಂತರು. ಅಲ್ಲಿಯೂ ಕ್ಯಾಟಲನ್ ಮಾತಾಡುವ ಜನ ಇದ್ದರು. ನಮ್ಮವರು ಮುಂಬೈಗೆ ಬಂದರೂ ಮಾಟುಂಗಾ, ಡೊಂಬಿವಲಿ ಅಂತ ನಾಲ್ಕು ಕನ್ನಡದ ಮನೆ ಇರುವ ಕಡೆಯೇ ಖೋಲಿ ಹುಡುಕಿದರಲ್ಲ, ಹಾಗೇ ಅಂದುಕೊಳ್ಳಿ.

ಎರಡನೇ ಮಹಾಯುದ್ಧ ಮುಗಿದಾಗ, ಹಿಟ್ಲರನನ್ನು ಸೋಲಿಸಿದವರು ಫ್ರಾಂಕೊನನ್ನೂ ಇಳಿಸುತ್ತಾರೆ ಅಂತ ಕಸಾಲ್ಸ್ ನಂಬಿದ್ದರು. ಯಾರೂ ಇಳಿಸಲಿಲ್ಲ. ಆ ಬೇಸರಕ್ಕೆ ಅವರು ಮಾಡಿದ ಆಣೆ ಇದು: ಫ್ರಾಂಕೊನ ಸರ್ಕಾರವನ್ನು ಒಪ್ಪಿಕೊಂಡ ದೇಶಗಳಲ್ಲಿ ನುಡಿಸುವುದಿಲ್ಲ. ಹೆಚ್ಚುಕಮ್ಮಿ ಎಲ್ಲ ದೊಡ್ಡ ದೇಶಗಳೂ ಒಂದೊಂದಾಗಿ ಒಪ್ಪಿಕೊಳ್ಳುತ್ತಿದ್ದ ಕಾಲ. ಅಂದರೆ ಎಲ್ಲಿಯೂ ನುಡಿಸುವುದಿಲ್ಲ ಅಂದಂತೆಯೇ ಆಯಿತು. ಜಗತ್ತಿನ ಅತಿ ದೊಡ್ಡ ಚೆಲ್ಲೊ ವಾದಕ ಮನೆಯಲ್ಲಿ ಅಭ್ಯಾಸ ಮಾಡುತ್ತ, ಪಾಠ ಹೇಳುತ್ತ, ನಿರಾಶ್ರಿತರಿಗೆ ಸಹಾಯ ಮಾಡುತ್ತ ಕೂತುಬಿಟ್ಟರು.

ಅಮೆರಿಕದಿಂದ ಕರೆ ಬಂತು, ಒಪ್ಪಲಿಲ್ಲ. ಅಲೆಕ್ಸಾಂಡರ್ ಶ್ನೈಡರ್ ಎಂಬ ಪಿಟೀಲುವಾದಕರು ಬಂದು ಎಷ್ಟು ಹೇಳಿದರೂ ಇಲ್ಲವೆಂದರು. ಕೊನೆಗೆ ಗೆಳೆಯರೆಲ್ಲ ಸೇರಿ ಒಂದು ಉಪಾಯ ಹೂಡಿದರು. 1950ಕ್ಕೆ ಬಾಖ್ ತೀರಿಕೊಂಡು ಇನ್ನೂರು ವರ್ಷ ತುಂಬುತ್ತದೆ. ನೀವು ಬರುವುದು ಬೇಡ, ನಾವೇ ನಿಮ್ಮ ಊರಿಗೆ ಬರುತ್ತೇವೆ, ಬಾಖ್ ನುಡಿಸೋಣ. ಈ ಮಾತಿಗೆ ಇಲ್ಲ ಅನ್ನಲು ಅವರಿಗೆ ಆಗಲಿಲ್ಲ. ಆಣೆ ಮುರಿಯಲಿಲ್ಲ, ಸ್ವಲ್ಪ ಬಾಗಿತು.

ಹೀಗೆ 1950ರ ಜೂನ್ ತಿಂಗಳಲ್ಲಿ ಪ್ರಾದ್‌ನ ಸೇಂಟ್ ಪಿಯರ್ ಚರ್ಚಿನಲ್ಲಿ ಉತ್ಸವ ಶುರುವಾಯಿತು. ಯಾರ್ಯಾರು ಬಂದರು ನೋಡಿ. ಪಿಯಾನೋಗೆ ರುಡಾಲ್ಫ್ ಸರ್ಕಿನ್, ಕ್ಲಾರಾ ಹಾಸ್ಕಿಲ್, ಹೊರ್ಶೊವ್‌ಸ್ಕಿ. ಪಿಟೀಲಿಗೆ ಜೋಸೆಫ್ ಸಿಗೆಟಿ, ಐಸಾಕ್ ಸ್ಟರ್ನ್, ಶ್ನೈಡರ್. ಒಬೋ ಎಂಬ, ನಮ್ಮ ಶಹನಾಯಿಯ ದಾಯಾದಿಯಂಥ ವಾದ್ಯಕ್ಕೆ ಮಾರ್ಸೆಲ್ ಟಾಬ್ಯುಟೊ. ಇವರ ಪೈಕಿ ಒಬ್ಬೊಬ್ಬರ ಹೆಸರೇ ಒಂದು ಸಭಾಂಗಣ ತುಂಬಿಸಬಲ್ಲದು. ಇನ್ನೊಂದು ಸಂಗತಿ ನನಗೆ ಹೊಳೆದದ್ದು ತಡವಾಗಿ. ಈ ಅತಿಥಿಗಳಲ್ಲಿ ಬಹಳ ಜನ ತಾವೂ ಊರು ಬಿಟ್ಟವರೇ. ಸರ್ಕಿನ್ ಹಿಟ್ಲರನ ಕಾಲದಲ್ಲಿ ಅಮೆರಿಕ ಸೇರಿದವರು. ಹಾಸ್ಕಿಲ್ ರುಮೇನಿಯಾದವರು, ಯುದ್ಧದ ನಡುವೆ ಫ್ರಾನ್ಸಿನಿಂದ ಸ್ವಿಟ್ಜರ್‌ಲೆಂಡಿಗೆ ಪಾರಾಗಿ ಬಂದವರು. ಸಿಗೆಟಿ ಹಂಗೇರಿಯವರು, ಹೊರ್ಶೊವ್‌ಸ್ಕಿ ಪೋಲೆಂಡಿನವರು. ಸ್ಟರ್ನ್ ಹುಟ್ಟಿದ್ದು ಇಂದಿನ ಯುಕ್ರೇನಿನಲ್ಲಿ, ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಆತಿಥ್ಯ ಕೊಟ್ಟ ಕಸಾಲ್ಸ್ ಕೂಡ ಆ ಊರಿಗೆ ಅತಿಥಿಯೇ. ಪರಸ್ಥಳದವರೆಲ್ಲ ಸೇರಿ, ಇನ್ನೂರು ವರ್ಷ ಹಿಂದೆ ತೀರಿಕೊಂಡ ಒಬ್ಬ ಜರ್ಮನ್ನನ ಹೆಸರಲ್ಲಿ, ಫ್ರಾನ್ಸಿನ ಒಂದು ಊರಿನಲ್ಲಿ ಮಾಡಿದ ಉತ್ಸವ ಅದು.

ಮೊದಲ ದಿನ ಕಸಾಲ್ಸ್ ಒಬ್ಬರೇ ಕೂತು ಬಾಖ್‌ನ ಒಂದು ಸ್ವೀಟ್ ನುಡಿಸಿದರು. ಅವರಿಗಾಗ ಎಪ್ಪತ್ತಮೂರು ವರ್ಷ. ಚರ್ಚ್ ಆದ್ದರಿಂದ ಚಪ್ಪಾಳೆ ತಟ್ಟುವ ಹಾಗಿರಲಿಲ್ಲ. ಅಷ್ಟು ವರ್ಷ ಸುಮ್ಮನಿದ್ದವರ ವಾದನ ಕೇಳಿ ಜನ ಚಪ್ಪಾಳೆ ಇಲ್ಲದೆ ಎದ್ದು ನಿಂತರಂತೆ. ಇದನ್ನು ಹೇಳುವಾಗ ನಮ್ಮ ಗೋವಾದವರು ತಾವೂ ಎದ್ದು ನಿಂತಿದ್ದರು.

ಪಾಲ್ ಟೋರ್ಟೆಲಿಯೆ ಎಂಬವರ ವಿಷಯ ಬಂದಾಗ ಮಾತ್ರ ಅವರು ನನ್ನ ಮೊಣಕೈ ಹಿಡಿದುಕೊಂಡರು. ಟೋರ್ಟೆಲಿಯೆ ಆ ಹೊತ್ತಿಗೆ ಫ್ರಾನ್ಸಿನ ಹೆಸರಾಂತ ಚೆಲ್ಲೊ ವಾದಕರು. ಸ್ವತಃ ಒಂಟಿಯಾಗಿ ಕಛೇರಿ ಕೊಡುತ್ತಿದ್ದವರು. ಅವರು ಪ್ರಾದ್‌ಗೆ ಬಂದು ಮಾಡಿದ್ದೇನು? ಕಸಾಲ್ಸ್ ನಡೆಸುತ್ತಿದ್ದ ವಾದ್ಯವೃಂದದಲ್ಲಿ ಚೆಲ್ಲೊಗಳ ಸಾಲಿನಲ್ಲಿ ಕೂತರು. "ನಮ್ಮ ಲೈನಿನಲ್ಲಿ ಒಮ್ಮೆ ಸೋಲೋ ಆರ್ಟಿಸ್ಟ್ ಆದವನು ಮತ್ತೆ ಸಾಲಿನಲ್ಲಿ ಕೂರುವುದಿಲ್ಲ ಮಿಸ್ಟರ್" ಅಂದರು ನಮ್ಮ ಗೋವಾದವರು. ಅವರು ಮೂವತ್ತು ವರ್ಷ ಸಾಲಿನಲ್ಲೇ ಕೂತವರು.

ಇಷ್ಟೆಲ್ಲ ಕತೆಯನ್ನು ಅವರು ನನಗೇ ಯಾಕೆ ಹೇಳಿದರು? ಅದಕ್ಕೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು.

ನಮ್ಮಪ್ಪ ಹಾಡುತ್ತಿದ್ದ. ಮಿಲ್ಲೊಂದರ ಆಫೀಸಿನಲ್ಲಿ ಗುಮಾಸ್ತ, ಆದರೆ ಧಾರವಾಡದಲ್ಲಿ ಹುಡುಗನಾಗಿದ್ದಾಗ ಕಲಿತದ್ದು ಗಂಟಲಲ್ಲಿ ಗಟ್ಟಿಯಾಗಿ ಉಳಿದಿತ್ತು. ವರ್ಷವಿಡೀ ಮುಂಬೈಯಲ್ಲಿ ದುಡಿದು, ಮೇ ತಿಂಗಳಲ್ಲಿ ನಮ್ಮನ್ನೆಲ್ಲ ಕರೆದುಕೊಂಡು ಮಾಳಮಡ್ಡಿಯ ಮನೆಗೆ ಹೋಗುತ್ತಿದ್ದ. ಅಲ್ಲಿ ಪಡಸಾಲೆಯಲ್ಲಿ ಜಮಖಾನೆ ಹಾಸಿ ಒಂದು ಸಂಜೆ ಬೈಠಕ್. ಸೂಟಿಗೆ ಬಂದ ಗೆಳೆಯರು, ತಬಲಾ ಮಾಸ್ತರರು, ಯಾರ್ಯಾರೋ ಸೇರುತ್ತಿದ್ದರು. ಮಾವಿನಹಣ್ಣಿನ ಸೀಕರಣೆ, ಆಮೇಲೆ ಗಾಯನ. ಹಾರ್ಮೋನಿಯಂ ಸಾಥಿಗೆ ಅಪ್ಪನ ತಮ್ಮ, ನಮ್ಮ ಕಾಕಾ. ಅಪ್ಪ ಹಾಡುವ ಒಂದೊಂದು ಸ್ವರದ ಹಿಂದೆ ನೆರಳಿನ ಹಾಗೆ ಹೋಗುತ್ತಿದ್ದ. ಅಪ್ಪ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮಾತ್ರ ಅವನದೇ ಸ್ವರ ಕೇಳುತ್ತಿತ್ತು.

1981ರಲ್ಲಿ ಅಜ್ಜ ತೀರಿಕೊಂಡ. ಮನೆ ಪಾಲಾಯಿತು. ಎರಡು ಕೋಣೆ, ಒಂದು ಪಡಸಾಲೆ, ಬಾವಿಕಟ್ಟೆ ಇವುಗಳ ಲೆಕ್ಕದಲ್ಲಿ ಆಡಬಾರದ ಮಾತುಗಳೆಲ್ಲ ಬಂದವು. ಪಡಸಾಲೆ ಕಾಕಾನ ಪಾಲಿಗೆ ಹೋಯಿತು. "ಇನ್ನ ಈ ಪಡಸಾಲ್ಯಾಗ ಕಾಲಿಡೂದಿಲ್ಲ, ಹಾಡೂದೂ ಇಲ್ಲ" ಎಂದು ಅಪ್ಪ ಹೊರಟು ಬಂದ. ಪಡಸಾಲೆಯಲ್ಲಿ ಹಾಡುವುದಿಲ್ಲ ಅಂತ ನಾವು ತಿಳಿದೆವು. ಅವನು ಎಲ್ಲಿಯೂ ಹಾಡಲಿಲ್ಲ. ನಮ್ಮ ಸಂಘದ ದಸರಾ ಕಾರ್ಯಕ್ರಮಕ್ಕೂ ಇಲ್ಲ, ಸ್ನಾನದ ಮನೆಯಲ್ಲೂ ಇಲ್ಲ. ಅವ್ವ ಒಂದೆರಡು ಸಲ ಹೇಳಿ ಸೋತಳು. ತಂಬೂರಿಗೆ ಗವಸು ಹಾಕಿ ಕಪಾಟಿನ ಮೇಲೆ ಇಟ್ಟದ್ದಾಯಿತು.

ಐದು ವರ್ಷವಾದ ಮೇಲೆ, 1986ರ ಮೇ ತಿಂಗಳಲ್ಲಿ, ಒಂದು ಮುಂಜಾನೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕಾಕಾ. ಹಳೆಯ ಚಾದರದಲ್ಲಿ ಕಟ್ಟಿದ ಹಾರ್ಮೋನಿಯಂ ತಲೆಯ ಮೇಲೆ. ಹಿಂದೆ ಧಾರವಾಡದ ತಬಲಾ ಮಾಸ್ತರರು, ಬಗಲಲ್ಲಿ ಡಗ್ಗಾ. ಆಗಿನ್ನೂ ಮಿರಜದಲ್ಲಿ ಗಾಡಿ ಬದಲಿಸಬೇಕಿತ್ತು. ಮೀಟರ್ ಗೇಜ್‌ನಿಂದ ಇಳಿದು, ಅಲ್ಲಿ ತಂಬೂರಿ ಮಾಡುವವರ ಅಂಗಡಿಗೆ ಹೋಗಿ ಒಂದು ಸೆಟ್ ತಂತಿ ತೆಗೆದುಕೊಂಡು, ಮತ್ತೆ ಗಾಡಿ ಹತ್ತಿ ಬಂದಿದ್ದರು. ಅವ್ವ ಗಾಬರಿಯಾಗಿ ನಿಂತಿದ್ದಳು. ಕಾಕಾ ಚಪ್ಪಲಿ ಬಿಡುತ್ತ ಒಳಗೆ ಕೇಳುವ ಹಾಗೆ ಹೇಳಿದ:

"ವೈನಿ, ಅಣ್ಣಾ ಧಾರವಾಡಕ್ಕ ಬರೂದಿಲ್ಲಂತ ಆಣಿ ಮಾಡ್ಯಾನ. ಧಾರವಾಡ ಇಲ್ಲಿಗೆ ಬರಬಾರದಂತೇನೂ ಆಣಿ ಮಾಡಿಲ್ಲಲಾ?"

ಅಪ್ಪ ಪೇಪರ್ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಚಿಲಕ ಹಾಕಲಿಲ್ಲ, ಅಷ್ಟೇ.

ಸಂಜೆ ನಾಲ್ಕಕ್ಕೆ ಕಾಕಾ ಹೊರಗಿನ ಕೋಣೆಯಲ್ಲಿ ಭೀಮಪಲಾಸಿ ಶುರು ಮಾಡಿದ. ಅದು ಅಪ್ಪನ ರಾಗ. ಸ್ವಲ್ಪ ಹೊತ್ತಿಗೆ ನನಗೆ ಒಂದು ವಿಚಿತ್ರ ಗೊತ್ತಾಯಿತು. ಕಾಕಾ ಸೋಲೋ ನುಡಿಸುತ್ತಿರಲಿಲ್ಲ. ಸಾಥಿ ನುಡಿಸುತ್ತಿದ್ದ. ಬಂದಿಶಿನ ಮುಖಡಾ ಎತ್ತಿಕೊಟ್ಟು ಸುಮ್ಮನಾಗುತ್ತಿದ್ದ. ತಬಲಾದ ಠೇಕಾ ನಡೆದೇ ಇರುತ್ತಿತ್ತು. ಹಾಡುವವರು ಹಾಡಿ ಉಸಿರು ತೆಗೆದುಕೊಳ್ಳುವ ಜಾಗ ಬಂದಾಗ ಎರಡು ಸ್ವರ ತುಂಬುತ್ತಿದ್ದ. ಹಾಡುವವರೇ ಇಲ್ಲದ ಗಾಯನಕ್ಕೆ ಮುಕ್ಕಾಲು ಗಂಟೆ ಸಾಥಿ! ತಬಲಾ ಮಾಸ್ತರರು ನನ್ನ ಕಡೆ ನೋಡಲೂ ಇಲ್ಲ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮೆಟ್ಟಿಲ ಮೇಲೆ ಸದ್ದು ಕೇಳಿ ಇಣುಕಿದ ಗೋವಾದವರು ಹೊಸ್ತಿಲಲ್ಲೇ ಕೂತುಬಿಟ್ಟರು.

ಅಪ್ಪ ಹಾಡಲಿಲ್ಲ. ಸಿನಿಮಾದಲ್ಲಾಗಿದ್ದರೆ ಒಳಗಿಂದ ಹಾಡುತ್ತ ಬರಬೇಕಿತ್ತು. ಚಹಾದ ಹೊತ್ತಿಗೆ ಹೊರಗೆ ಬಂದ, ಬಸಿ ತೆಗೆದುಕೊಂಡ, ಯಾರ ಮುಖವನ್ನೂ ನೋಡದೆ, "ಆ ಕೋಮಲ ಗಾಂಧಾರದ ರೀಡು ಇಳದದ. ಮಾಡಿಸ್ಕೋ" ಅಂದ. ಮರುದಿನ ಸ್ಟೇಶನ್ನಿನಲ್ಲಿ ಕಾಕಾ ನನ್ನ ಭುಜ ಹಿಡಿದು, "ಕೇಳಿಸ್ಕೊಂಡಾನಪಾ, ಪೂರ್ತಿ ಕೇಳಿಸ್ಕೊಂಡಾನ" ಎಂದು ಎರಡೆರಡು ಸಲ ಹೇಳಿದ. ಗಾಂಧಾರ ನಿಜವಾಗಿಯೂ ಇಳಿದಿತ್ತಂತೆ.

ಆಮೇಲೆ ಇದು ಪ್ರತಿ ಬೇಸಗೆಯ ಪದ್ಧತಿಯಾಯಿತು. ಏಳು ವರ್ಷ ಕಾಕಾ ಬಂದ. ಒಂದು ವರ್ಷ ಸಾರಂಗಿಯವರೊಬ್ಬರು, ಇನ್ನೊಂದು ವರ್ಷ ಕೊಳಲಿನವರು ಜೊತೆಗೆ ಬಂದರು. ಮೂರನೇ ಬೇಸಗೆಯಲ್ಲಿ ಗೋವಾದವರು ತಮ್ಮ ಪಿಟೀಲು ತಂದು, ನೊಟೇಶನ್ ಇಲ್ಲದೆ ಕೈಕಾಲು ಆಡದೆ, ಬರೀ ಷಡ್ಜ ಹಿಡಿದು ಕೂತರು. ಅದೇ ವರ್ಷ ಅಪ್ಪ ಎದ್ದು ಹೋಗಿ ಕಪಾಟಿನ ಮೇಲಿಂದ ತಂಬೂರಿ ಇಳಿಸಿದ. ಗವಸು ತೆಗೆದು, ಶ್ರುತಿ ಮಾಡಿ, ಎಲ್ಲರ ಹಿಂದೆ ಗೋಡೆಗೆ ಒರಗಿ ಮೀಟತೊಡಗಿದ. ಅದು 1988. ನನಗೆ ಕ್ಯಾಸೆಟ್ ಸಿಕ್ಕಿದ್ದು ಮಾರನೆಯ ವಾರ.

ಆ ಕ್ಯಾಸೆಟ್ಟಿನಲ್ಲಿದ್ದದ್ದು ಶೂಬರ್ಟ್ 1828ರಲ್ಲಿ, ತಾನು ಸಾಯುವ ಮುಂಚಿನ ತಿಂಗಳುಗಳಲ್ಲಿ ಬರೆದ ಪಂಚವಾದ್ಯ ಕೃತಿ. ಪ್ರಾದ್‌ನ ಉತ್ಸವ ಮೊದಲ ವರ್ಷ ಬರೀ ಬಾಖ್. ಆಮೇಲಿನ ಬೇಸಗೆಗಳಲ್ಲಿ ಶೂಬರ್ಟ್, ಬ್ರಾಮ್ಸ್ ಮುಂತಾದವರ ಚೇಂಬರ್ ಮ್ಯೂಸಿಕ್ ಹೆಚ್ಚಾಯಿತು. ಚೇಂಬರ್ ಮ್ಯೂಸಿಕ್ ಅಂದರೆ ಕೋಣೆಯ ಸಂಗೀತ, ಹೆಚ್ಚುಕಮ್ಮಿ ನಮ್ಮ ಬೈಠಕ್ಕಿನ ಅಳತೆಯದು. ಮೂರೋ ನಾಲ್ಕೋ ಐದೋ ಜನ. ಒಬ್ಬೊಬ್ಬರಿಗೆ ಒಂದೊಂದೇ ಪಾತ್ರ. ಎದುರು ಕೋಲು ಹಿಡಿದು ನಿಲ್ಲುವವರಿಲ್ಲ. ಎಲ್ಲಿ ಶುರು ಮಾಡಬೇಕು ಎಂಬುದನ್ನು ಒಬ್ಬರ ಉಸಿರು, ಇನ್ನೊಬ್ಬರ ಹುಬ್ಬು ನೋಡಿ ತಿಳಿಯಬೇಕು. ಸ್ಟುಡಿಯೋದಲ್ಲಿ ನಲವತ್ತು ಪಿಟೀಲುಗಳ ನಡುವೆ ನಾನೊಬ್ಬ ಸುಮ್ಮನೆ ಕಮಾನು ಆಡಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ ಎಂದು ಗೋವಾದವರು ನಗುತ್ತಿದ್ದರು. ಒಂದೇ ಗುಂಪಾಗಿ ವರ್ಷಗಟ್ಟಲೆ ನುಡಿಸುವವರಿಗೆ ಇದೆಲ್ಲ ಸಂಸಾರದ ಹಾಗೆ ರೂಢಿಯಾಗಿರುತ್ತದೆ. ಬೇಸಗೆ ಉತ್ಸವಕ್ಕೆ ಬಂದ ಅತಿಥಿಗಳಿಗೆ ಸಿಗುವುದು ಕೆಲವೇ ದಿನಗಳ ಅಭ್ಯಾಸ. ಅಷ್ಟರಲ್ಲಿ ಇನ್ನೊಬ್ಬರ ಉಸಿರು ಕಲಿಯಬೇಕು.

1952ರ ಆ ಧ್ವನಿಮುದ್ರಣದಲ್ಲಿ ಸ್ಟರ್ನ್, ಶ್ನೈಡರ್ ಪಿಟೀಲು. ಮಿಲ್ಟನ್ ಕೇಟಿಮ್ಸ್ ವಿಯೋಲಾ. ಚೆಲ್ಲೊ ಎರಡು, ಕಸಾಲ್ಸ್ ಮತ್ತು ಅದೇ ಟೋರ್ಟೆಲಿಯೆ. ಎರಡನೆಯ ಭಾಗ ಬಹಳ ನಿಧಾನದ್ದು. ನಡುವಿನ ಮೂರು ವಾದ್ಯಗಳು ಉದ್ದ ಉದ್ದ ಸ್ವರ ಹಿಡಿದು ಉಸಿರಾಡುತ್ತವೆ. ಮೇಲೆ ಮೊದಲ ಪಿಟೀಲು ಆಗೊಮ್ಮೆ ಈಗೊಮ್ಮೆ ಒಂದೆರಡು ತುಣುಕು ಹೇಳುತ್ತದೆ. ಕೆಳಗೆ ಎರಡನೆಯ ಚೆಲ್ಲೊ ಬರೀ ಬೆರಳಿನಿಂದ ತಂತಿ ಮೀಟುತ್ತದೆ. ಹಿಂದೆ ಕೂತು ಮೀಟುವವರು ಟೋರ್ಟೆಲಿಯೆ. ನಡುವೆ ಕಸಾಲ್ಸ್, ಅಲ್ಲಲ್ಲಿ ಅವರು ನುಡಿಸುತ್ತ ಗುಂಯ್‌ಗುಡುವುದೂ ಕೇಳುತ್ತದೆ. ಮೊದಲ ಸಲ ನನಗೆ ಏನೂ ಅರ್ಥವಾಗಲಿಲ್ಲ ಅಂದೆನಲ್ಲ, ಅಪ್ಪ ತಂಬೂರಿ ಮೀಟಿದ ಸಂಜೆಯನ್ನು ನೆನೆಸಿಕೊಂಡು ಕೇಳಿದ ಮೇಲೆ ಆ ಎರಡನೆಯ ಭಾಗ ಮಾತ್ರ ಒಳಗೆ ಇಳಿಯಿತು. ಉಳಿದ ಮೂರು ಭಾಗಗಳಿಗೆ ಇನ್ನೂ ಹತ್ತು ವರ್ಷ ಬೇಕಾಯಿತು!

ಕಸಾಲ್ಸ್‌ರನ್ನು ಅಪ್ಪನ ಜೊತೆ ಹೋಲಿಸುವುದು ಅತಿಯಾಯಿತು ಎಂದು ಯಾರಾದರೂ ಅಂದರೆ ನಾನು ಒಪ್ಪುತ್ತೇನೆ. ಅವರ ಆಣೆ ಒಂದು ಸರ್ವಾಧಿಕಾರದ ಎದುರು. ನಮ್ಮಪ್ಪನದು ಒಂದು ಪಡಸಾಲೆಯ ಎದುರು. ಕಸಾಲ್ಸ್ ಸುಮ್ಮನಾದದ್ದರಿಂದ ಜಗತ್ತಿಗೆ ಒಂದು ಅನ್ಯಾಯ ನೆನಪಾಗುತ್ತಿತ್ತು. ಅಪ್ಪ ಸುಮ್ಮನಾದದ್ದರಿಂದ ನಮ್ಮ ಮನೆಯ ನಾಲ್ಕು ಜನಕ್ಕೆ ನಷ್ಟ, ಅಷ್ಟೇ. ಆದರೂ ಬಂದವರು ಮಾಡಿದ್ದು ಎರಡೂ ಕಡೆ ಒಂದೇ ಎಂದು ನನಗೆ ಅನ್ನಿಸುತ್ತದೆ. ನಿನ್ನ ಆಣೆ ಸರಿಯೋ ತಪ್ಪೋ ಎಂದು ಅವರು ವಾದಕ್ಕೆ ಕೂರಲಿಲ್ಲ. ಹಟ ಬಿಡು ಎಂದು ಪಟ್ಟು ಹಿಡಿಯಲಿಲ್ಲ. ವಾದ್ಯ ಹೊತ್ತುಕೊಂಡು ಬಂದು, ಅವನಿಗೆ ಒಂದು ಜಾಗ ಬಿಟ್ಟು, ಪಕ್ಕದಲ್ಲಿ ಕೂತರು. ಅತಿಥಿ ಕಲಾವಿದರು ಎಂಬ ಮಾತಿಗೆ ನಾನು ಕಂಡುಕೊಂಡ ಇನ್ನೊಂದು ಅರ್ಥ ಇದು.

ಕಸಾಲ್ಸ್ ಫ್ರಾಂಕೊನ ಸ್ಪೇನಿನಲ್ಲಿ ಮತ್ತೆ ಕಛೇರಿ ಮಾಡಲಿಲ್ಲ. ಆಮೇಲೆ ತಮ್ಮ ತಾಯಿಯ ಊರಾದ ಪೋರ್ಟೊ ರಿಕೊಗೆ ಹೋಗಿ ನೆಲೆಸಿದರು. 1961ರಲ್ಲಿ ಕೆನಡಿಯವರ ಕರೆಗೆ ಶ್ವೇತಭವನದಲ್ಲಿ ನುಡಿಸಿದರು. ಆಣೆ ಅಲ್ಲಿಯೂ ಸ್ವಲ್ಪ ಬಾಗಿತು. ಜೊತೆಗಿದ್ದವರು ಅದೇ ಶ್ನೈಡರ್, ಅದೇ ಹೊರ್ಶೊವ್‌ಸ್ಕಿ. 1973ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ತೊಂಬತ್ತಾರು ವರ್ಷ. ಫ್ರಾಂಕೊ ಸತ್ತದ್ದು ಇನ್ನೆರಡು ವರ್ಷ ಬಿಟ್ಟು, 1975ರ ನವೆಂಬರಿನಲ್ಲಿ. 1979ರಲ್ಲಿ ಅವರ ಅವಶೇಷಗಳನ್ನು ಎಲ್ ವೆಂಡ್ರೆಲ್‌ಗೆ ತಂದು ಮಣ್ಣು ಮಾಡಿದರು. ಪ್ರಾದ್‌ನ ಉತ್ಸವ ಇವತ್ತಿಗೂ ಪ್ರತಿ ಬೇಸಗೆ ನಡೆಯುತ್ತದೆ, ಪಕ್ಕದ ಸೇಂಟ್ ಮಿಷೆಲ್ ದ ಕುಕ್ಸಾ ಎಂಬ ಹಳೆಯ ಮಠದಲ್ಲಿ. ಈಗಲೂ ಅತಿಥಿಗಳೇ ಹೋಗಿ ನುಡಿಸುತ್ತಾರೆ.

ಅಪ್ಪ 1997ರಲ್ಲಿ ಹೋದ, ಡೊಂಬಿವಲಿಯಲ್ಲೇ. ಹಾಡಲಿಲ್ಲ, ಧಾರವಾಡಕ್ಕೂ ಹೋಗಲಿಲ್ಲ. ಅಸ್ಥಿ ಬಿಡಲು ನಾನು ಗೋಕರ್ಣಕ್ಕೆ ಹೊರಟಾಗ ಕಾಕಾ ಹುಬ್ಬಳ್ಳಿಯಿಂದ ಜೊತೆಯಾದ. ದಾರಿಯಲ್ಲಿ ಧಾರವಾಡಕ್ಕೆ ಗಾಡಿ ತಿರುಗಿಸಲೇ ಎಂದು ಕೇಳಿದೆ. "ಬ್ಯಾಡಪಾ, ಆಣಿ ಮಾಡ್ಯಾನ" ಅಂದ.

ಕಾಕಾನಿಗೆ ಈಗ ಎಂಬತ್ತೇಳು. ಮಂಡಿ ಹೋಗಿದೆ, ಗಾಡಿ ಹತ್ತಲಾರ. ಫೋನ್ ಮಾತ್ರ ತಪ್ಪದೆ ಮಾಡುತ್ತಾನೆ. ಯುಗಾದಿ ಕಳೆದ ಮೇಲೆ ಪ್ರತಿ ವರ್ಷ ಅದೇ ಪ್ರಶ್ನೆ: "ಈ ಸೂಟ್ಯಾಗರ ಬರ್ತೀಯೇನು?" ಪ್ರತಿ ವರ್ಷ ನನ್ನ ಬಳಿ ಒಂದು ಕಾರಣ ಇರುತ್ತದೆ. ಮಗಳ ಪರೀಕ್ಷೆ, ಮೊಮ್ಮಗನ ಜವಳ, ನನ್ನ ಬಿಪಿ, ಬಿಸಿಲು. ಲೆಕ್ಕ ಹಾಕಿ ನೋಡಿದೆ, ಹನ್ನೊಂದು ವರ್ಷ ಆಗಿದೆ. ಅಪ್ಪನಿಗಾದರೂ ಒಂದು ಆಣೆ ಇತ್ತು. ನನಗೆ ಅದೂ ಇಲ್ಲ, ಬರೀ ಸೋಮಾರಿತನ.

ಮೊನ್ನೆ ಫೋನಿನಲ್ಲಿ ಕಾಕಾ ಹಿಂದಿನ ಹಾಗೆ ಬಾ ಅನ್ನಲಿಲ್ಲ. ಪೆಟ್ಟಿಗೆಯ ಗಾಂಧಾರ ಮತ್ತೆ ಇಳಿದಿದೆ, ತನ್ನ ಕಿವಿಗೆ ಈಗ ಸರಿಯಾಗಿ ತಿಳಿಯುವುದಿಲ್ಲ, ಯಾರಾದರೂ ಬಂದು ಕೇಳಿ ಹೇಳಬೇಕು ಅಂದ. ಅಷ್ಟು ಹೇಳಿ ಸುಮ್ಮನಾದ. ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು. ಅವನು ಅಲ್ಲಿ ಬಿಟ್ಟಿದ್ದು ನನಗಾಗಿ ಇಟ್ಟ ಜಾಗ ಎಂದು ನನಗೆ ಗೊತ್ತಾಯಿತು.

ಮೇ ಹನ್ನೆರಡಕ್ಕೆ ಟಿಕೆಟ್ ತೆಗೆಸಿದ್ದೇನೆ. ವೇಟಿಂಗ್ ಲಿಸ್ಟ್ ಹದಿನಾಲ್ಕು. ಕನ್ಫರ್ಮ್ ಆಗದಿದ್ದರೆ ಬಸ್ಸಿಗೆ ಹೋಗುತ್ತೇನೆ. ಅಪ್ಪನ ತಂಬೂರಿಯನ್ನು ಬಸ್ಸಿನಲ್ಲಿ ಹೇಗೆ ಒಯ್ಯುವುದು ಎಂಬುದೊಂದು ಚಿಂತೆ. ಒಯ್ದು ಗೊತ್ತಿದ್ದವರು ಯಾರಾದರೂ ಇದ್ದರೆ ತಿಳಿಸಿ.